ಫ್ಲಾಪಿ ಕಾಲದ ಡಿಸ್ಕ್‌ಲೇವಿಯರ್: ಯಾವ ಡಿಸ್ಕ್ ಯಾವ ಪಿಯಾನೋದಲ್ಲಿ ನುಡಿಯುತ್ತದೆ?

ಯಮಾಹಾದ ಹಳೆಯ ಡಿಸ್ಕ್‌ಲೇವಿಯರ್ ಪಿಯಾನೋಗಳು, ಅಂದರೆ ಡಿಸ್ಕ್‌ನಲ್ಲಿರುವ ಹಾಡನ್ನು ಓದಿ ತಾವೇ ನುಡಿಯುವ ಪಿಯಾನೋಗಳು, ಅಮೆರಿಕದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗಲೂ ಸಿಗುತ್ತವೆ. ಎಷ್ಟೋ ಸಲ ಹಿಂದಿನ ಮಾಲೀಕರು ಕೂಡಿಟ್ಟ ಫ್ಲಾಪಿಗಳ ಪೆಟ್ಟಿಗೆಯೂ ಜೊತೆಗೆ ಬರುತ್ತದೆ. ವಾದ್ಯವಾಗಿ ಇವು ನನಗೆ ಬಹಳ ಮೆಚ್ಚಿಗೆಯಾದವು. ವಿದ್ಯುತ್ಕಾಂತದಿಂದ ಚಲಿಸುವ ಸೊಲೆನಾಯ್ಡ್‌ಗಳು ಕೀಲಿಗಳನ್ನು ಚಲಿಸಿ, ಸುತ್ತಿಗೆಗಳು ನಿಜವಾದ ತಂತಿಗಳನ್ನು ಹೊಡೆಯುವಾಗ ಹೊಮ್ಮುವ ನಾದವನ್ನು ಯಾವ ಧ್ವನಿವರ್ಧಕವೂ ಕೊಡಲಾರದು. ಆದರೆ ಕೊಳ್ಳುವವರು ಮರವನ್ನೂ ತಂತಿಗಳನ್ನೂ ಪರೀಕ್ಷಿಸುವಷ್ಟೇ ಜಾಗ್ರತೆಯಿಂದ ಅದರ ನಿಯಂತ್ರಣ ಘಟಕ ಯಾವ ತಲೆಮಾರಿನದೆಂದು ವಿಚಾರಿಸಬೇಕು, ಏಕೆಂದರೆ ಪೆಟ್ಟಿಗೆಯಲ್ಲಿರುವ ಡಿಸ್ಕ್‌ಗಳಲ್ಲಿ ಎಷ್ಟು ನುಡಿಯುತ್ತವೆ ಎಂಬುದನ್ನು ನಿರ್ಧರಿಸುವುದು ಅದೇ.

1980ರ ದಶಕದ ಎಂಎಕ್ಸ್100ಎ ಮಾದರಿಯನ್ನೇ ನೋಡಿ. ಅದು ಓದುವುದು 720 ಕಿಲೋಬೈಟ್ ಸಾಮರ್ಥ್ಯದ ಡಿಸ್ಕನ್ನು, ಅದರಲ್ಲೂ ಯಮಾಹಾದ್ದೇ ಆದ ಇ-ಸೀಕ್ವೆನ್ಸ್ ಸ್ವರೂಪದ ಕಡತಗಳನ್ನು ಮಾತ್ರ. ಹಾಡುಗಳ ಪಟ್ಟಿ ಡಿಸ್ಕ್‌ನಲ್ಲೇ ಇರುವ ಪ್ರತ್ಯೇಕ ಸೂಚಿ ಕಡತದಿಂದ ಬರುತ್ತದೆ. ಆದ್ದರಿಂದ ಕಂಪ್ಯೂಟರಿನಿಂದ ಮಿಡಿ (ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ ಎಂಬ ಸೂಚನೆಗಳ) ಕಡತವೊಂದನ್ನು ಸುಮ್ಮನೆ ನಕಲು ಮಾಡಿ ತಂದರೆ, ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ಆ ಹಾಡು ಪಿಯಾನೋದ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಸ್ವರೂಪವನ್ನು ಬದಲಿಸಿ ಸೂಚಿಯನ್ನೂ ಬರೆಯುವ ತಂತ್ರಾಂಶ ಬೇಕಾಗುತ್ತದೆ. 1.44 ಮೆಗಾಬೈಟ್ ಡಿಸ್ಕ್‌ನ ರಂಧ್ರಕ್ಕೆ ಟೇಪು ಅಂಟಿಸಿ 720 ಎಂದು ಫಾರ್ಮ್ಯಾಟ್ ಮಾಡುವ ರೂಢಿಯನ್ನು ನಾನು ಒಪ್ಪುವುದಿಲ್ಲ, ಎರಡರ ಕಾಂತೀಯ ಲೇಪನ ಬೇರೆಯಾದ್ದರಿಂದ ಬರೆದದ್ದು ಉಳಿಯುತ್ತದೆಂಬ ಭರವಸೆಯಿಲ್ಲ.

ಮಾರ್ಕ್ ಟೂ ಎಕ್ಸ್‌ಜಿ ಎಂಬ ನಂತರದ ತಲೆಮಾರು ಈ ದೃಷ್ಟಿಯಿಂದ ಬಹಳ ಮೇಲು. ಅದು ಇ-ಸೀಕ್ವೆನ್ಸ್ ಜೊತೆಗೆ ಸ್ಟ್ಯಾಂಡರ್ಡ್ ಮಿಡಿ ಕಡತಗಳನ್ನೂ ಓದುತ್ತದೆ. ಆದರೂ ಎಲ್ಲ ಮಿಡಿ ಕಡತಗಳೂ ಒಂದೇ ಅಲ್ಲ: ಎಲ್ಲ ಸ್ವರಗಳೂ ಒಂದೇ ಟ್ರ್ಯಾಕಿನಲ್ಲಿರುವ ಟೈಪ್ 0 ಹಳೆಯ ಯಂತ್ರಗಳಿಗೆ ಸುಲಭವಾಗಿ ದಕ್ಕುತ್ತದೆ, ಹಲವು ಟ್ರ್ಯಾಕುಗಳ ಟೈಪ್ 1 ಹಾಗಲ್ಲ. ಕಡತ ತೆರೆದುಕೊಂಡ ಮೇಲೂ ಚಾನೆಲ್‌ಗಳ ತೊಡಕು ಉಳಿಯುತ್ತದೆ; ಚಾನೆಲ್ ಎಂದರೆ ಕಡತದೊಳಗೆ ಒಂದೊಂದು ವಾದ್ಯದ ಅಥವಾ ಕೈಯ ಸ್ವರಗಳಿಗೆ ಕೊಟ್ಟ ಸಂಖ್ಯೆ. ಇನ್ನೊಂದು ವಾದ್ಯ ಕಂಪನಿಯಾದ ರೋಲ್ಯಾಂಡ್‌ನ ಪದ್ಧತಿಯಲ್ಲಿ ಎಡಗೈಯ ಸ್ವರಗಳು ಚಾನೆಲ್ 3ರಲ್ಲಿ, ಬಲಗೈಯವು 4ರಲ್ಲಿ ಇರುತ್ತವೆ. ಪಿಯಾನೋ ಭಾಗವನ್ನು ಚಾನೆಲ್ 1ರಲ್ಲಿ ಹುಡುಕುವ ಯಂತ್ರಕ್ಕೆ ಆ ಡಿಸ್ಕ್ ಹಾಕಿದರೆ ಕೀಲಿಗಳು ಅಲುಗದೆ ಕುಳಿತು, ರಾಗವೆಲ್ಲ ಎಲೆಕ್ಟ್ರಾನಿಕ್ ಧ್ವನಿ ಹೊರಡಿಸುವ ಟೋನ್ ಜನರೇಟರ್‌ನಿಂದ ಕೇಳಿಬರಬಹುದು. ಇದನ್ನು ಯಂತ್ರದ ದೋಷವೆಂದು ಭಾವಿಸಿ ದುರಸ್ತಿಗೆ ಹಣ ಸುರಿಯುವ ಮೊದಲು ಚಾನೆಲ್ ಆಯ್ಕೆಯನ್ನು ಬದಲಿಸಿ ನೋಡಬೇಕು. ಟೋನ್ ಜನರೇಟರ್ ಇಲ್ಲದ ಹಳೆಯ ಪಿಯಾನೋದಲ್ಲಿ ಪಕ್ಕವಾದ್ಯಗಳು ಕೇಳಿಸುವುದೇ ಇಲ್ಲ.

ನುಡಿಸುವ ರೀತಿಯಲ್ಲೂ ವ್ಯತ್ಯಾಸವಿದೆ. ಅರ್ಧ ಪೆಡಲನ್ನು ಸೂಕ್ಷ್ಮವಾಗಿ ದಾಖಲಿಸಿದ ಡಿಸ್ಕನ್ನು, ಪೆಡಲನ್ನು ಪೂರ್ಣವಾಗಿ ಒತ್ತುವುದು ಅಥವಾ ಬಿಡುವುದು ಮಾತ್ರ ತಿಳಿದಿರುವ ಯಂತ್ರದಲ್ಲಿ ಹಾಕಿದರೆ ನಾದ ಕಲಸಿಹೋಗುತ್ತದೆ. ಸಂಗೀತವನ್ನು ಪ್ರೀತಿಸುವವರಿಗೆ ಇದು ಓದದ ಡಿಸ್ಕ್‌ಗಿಂತ ಹೆಚ್ಚು ನೋವು ಕೊಡುವ ಸಂಗತಿ.

ಇಂಥ ಪಿಯಾನೋಗಳಿಗೆಂದೇ ಮಾಡಿದ ಸಿಡಿಗಳ ಕತೆ ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಎಡ–ಬಲಗಳಲ್ಲಿ ಒಂದು ಬದಿಯ ಧ್ವನಿ ಚಾನೆಲ್‌ನಲ್ಲಿ ಹಾಡು, ಇನ್ನೊಂದರಲ್ಲಿ ಧ್ವನಿರೂಪಕ್ಕೆ ಇಳಿಸಿದ ಪಿಯಾನೋ ಮಾಹಿತಿ ಇರುತ್ತದೆ. ಸಾಧಾರಣ ಪ್ಲೇಯರ್‌ನಲ್ಲಿ ಅದು ಫ್ಯಾಕ್ಸ್ ಯಂತ್ರದಂತೆ ಕಿರುಚುತ್ತದೆ. ಯಮಾಹಾ, ಕ್ಯೂಆರ್‌ಎಸ್, ಪಿಯಾನೋಡಿಸ್ಕ್ ಈ ಮೂರು ತಯಾರಕರ ಸಂಕೇತ ವಿಧಾನಗಳೂ ಬೇರೆ ಬೇರೆ. ಇಂಥ ಸಿಡಿಯನ್ನು ಎಂಪಿ3ಗೆ ಇಳಿಸುವಾಗ ಆ ಮಾಹಿತಿ ಕೆಡುವ ಸಾಧ್ಯತೆ ಹೆಚ್ಚಾದ್ದರಿಂದ, ಪ್ರತಿ ಬೇಕಿದ್ದರೆ ಸಂಕುಚಿಸದ ರೂಪದಲ್ಲೇ ಇಟ್ಟುಕೊಳ್ಳಬೇಕು.

ಇಂದು ಕೊಳ್ಳುವುದಾದರೆ ನನ್ನ ಆಯ್ಕೆ ಮಾರ್ಕ್ ಟೂ ಎಕ್ಸ್‌ಜಿ ಮತ್ತು ಫ್ಲಾಪಿ ಡ್ರೈವಿನ ಜಾಗದಲ್ಲಿ ಕೂತು ಪೆನ್ ಡ್ರೈವ್ ಸ್ವೀಕರಿಸುವ ಫ್ಲಾಪಿ ಎಮ್ಯುಲೇಟರ್. ಸೋನಿ ಜಪಾನಿನಲ್ಲಿ ಫ್ಲಾಪಿ ಮಾರಾಟವನ್ನು 2011ರಲ್ಲೇ ನಿಲ್ಲಿಸಿದೆ; ಉಳಿದಿರುವ ಡಿಸ್ಕ್‌ಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತಿವೆ. ಆದರೆ ಎಮ್ಯುಲೇಟರ್ ಹಾಕಿಸುವಾಗ ತೆಗೆದ ಹಳೆಯ ಡ್ರೈವನ್ನು ಎಸೆಯಬೇಡಿ: ನಕಲು ತಡೆಯಿರುವ, ಯಮಾಹಾದ್ದೇ ಆದ ಪಿಯಾನೋಸಾಫ್ಟ್ ಡಿಸ್ಕ್‌ಗಳನ್ನು ಕಂಪ್ಯೂಟರಿನಲ್ಲಿ ಸಾಧಾರಣ ರೀತಿಯಲ್ಲಿ ನಕಲು ಮಾಡಲಾಗುವುದಿಲ್ಲ, ಅವುಗಳನ್ನು ಕೇಳಲು ಆ ಡ್ರೈವ್ ಬೇಕಾಗುತ್ತದೆ.