ನಮ್ಮ ಗದ್ದೆಗೆ ಬಂದ ಆಫ್ರಿಕಾ ತಂಡದ ತರಬೇತಿ: ಐದಕ್ಕೆ ಮೂರು ನಕ್ಷತ್ರ

ಹೋದ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಒಂದು ತರಬೇತಿ ಸಂಸ್ಥೆಯವರು ಮಾನ್ವಿ ಹತ್ತಿರದ ನಮ್ಮ ಗದ್ದೆಗೆ ಹದಿನೆಂಟು ಜನರನ್ನು ಕರೆದುಕೊಂಡು ಬಂದಿದ್ದರು. ಕೀನ್ಯಾ, ಇಥಿಯೋಪಿಯಾ, ಮಲಾವಿ, ಬುರ್ಕಿನಾ ಫಾಸೊ ಕಡೆಯ ಕೃಷಿ ಅಧಿಕಾರಿಗಳು. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಬೇಸಾಯದ ಬಗ್ಗೆ ಎರಡು ವಾರದ ತರಬೇತಿ, ಅದರಲ್ಲಿ ಒಂದು ದಿನ ನಮ್ಮಲ್ಲಿ. ಈಗ ಬೇರೆ ಊರಿನ ರೈತರನ್ನೂ ಕೇಳುತ್ತಿದ್ದಾರಂತೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬೈದುಬಿಡುತ್ತೇನೆ. ಹತ್ತಕ್ಕೆ ಬರುತ್ತೇವೆ ಅಂದವರು ಬಂದದ್ದು ಒಂದೂಕಾಲಿಗೆ. ಬ್ಯಾನರ್, ಶಾಲು, ಫೋಟೊ ಅಂತ ಇನ್ನು ಮುಕ್ಕಾಲು ಗಂಟೆ. ಆಮೇಲೆ ಶಾಮಿಯಾನದೊಳಗೆ ಪರದೆ ಕಟ್ಟಿ ಸ್ಲೈಡ್ ಶುರು. ಗದ್ದೆ ಇಪ್ಪತ್ತು ಹೆಜ್ಜೆ ದೂರದಲ್ಲಿದೆ, ಇವರು ಗದ್ದೆಯ ಚಿತ್ರ ತೋರಿಸುತ್ತಿದ್ದಾರೆ! ಅನುವಾದಕ್ಕೆ ಕರೆತಂದ ಹುಡುಗನಿಗೆ ಕನ್ನಡವೇ ಬರಲ್ಲ. ನಾನು ಹೇಳಿದ್ದನ್ನು ಬಿಎಸ್ಸಿ ಅಗ್ರಿ ಓದುವ ನಮ್ಮಣ್ಣನ ಮಗಳು ಇಂಗ್ಲಿಷಿಗೆ ತಿರುಗಿಸಬೇಕು, ಬುರ್ಕಿನಾ ಫಾಸೊದ ಇಬ್ಬರಿಗೆ ಇನ್ನೊಬ್ಬರು ಅದನ್ನು ಫ್ರೆಂಚಿನಲ್ಲಿ ಹೇಳಬೇಕು. ಒಂದು ತಮಾಷೆ ಮಾತಿಗೆ ನಗು ಮೂರು ಕಂತಿನಲ್ಲಿ ಬರುತ್ತಿತ್ತು.

ಕರೆಂಟ್ ಹೋಯಿತು. ಪುಣ್ಯ. ಎಲ್ಲರೂ ಎದ್ದು ಬದುವಿನ ಮೇಲೆ ಬಂದರು.

ನಿಜವಾದ ತರಬೇತಿ ಅಲ್ಲಿಂದ. ಬೋರ್‌ವೆಲ್ ನೀರಿನ ಒಂದು ಎಕರೆಯಲ್ಲಿ ನಾನು ತೂತಿನ ಪೈಪು ಹೂಳಿದ್ದೆ. ಒಂದಡಿ ಉದ್ದದ ಪಿವಿಸಿ ಪೈಪು, ಅರ್ಧ ಮಣ್ಣೊಳಗೆ, ಕೆಳಭಾಗದ ತುಂಬ ತೂತು. ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಕಟ್ಟಿದರೆ ಸಾಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಒಣಗಿಸಬಾರದು. ಸದಾ ನೀರು ನಿಂತ ಗದ್ದೆಯ ಕೆಸರಲ್ಲಿ ಗಾಳಿ ಆಡಲ್ಲ, ಅಲ್ಲಿ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹುಟ್ಟುತ್ತದೆ. ನಡುನಡುವೆ ಆರಿದರೆ ಅದೂ ಕಮ್ಮಿ, ನೀರೂ ಉಳಿತಾಯ. ಸಂಸ್ಥೆಯವರು ಇದನ್ನು ಹೇಳಿ ಚಪ್ಪಾಳೆ ಹೊಡೆಸಿದರು.

ಕೀನ್ಯಾದ ಒಬ್ಬ ಮೇಡಂ ಚಪ್ಪಾಳೆ ಹೊಡೆಯಲಿಲ್ಲ. ಪಕ್ಕದ ಕಾಲುವೆ ಗದ್ದೆ ತೋರಿಸಿ, 'ಅಲ್ಲಿ ಪೈಪು ಯಾಕಿಲ್ಲ?' ಅಂದರು. ಸರಿಯಾದ ಪ್ರಶ್ನೆ. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು. ನೀರು ಬಂದ ದಿನ ತುಂಬಿಸಿಕೊಳ್ಳಬೇಕು, ಮುಂದಿನ ಸರದಿ ಯಾವಾಗಲೋ. ಒಣಗಿಸಿ ನೋಡೋಣ ಅನ್ನುವ ಧೈರ್ಯ ಯಾರಿಗಿದೆ? 133 ಟಿಎಂಸಿಯ ಡ್ಯಾಮಿನಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಾವು ನಿದ್ದೆಗೆಟ್ಟ ಕಥೆಯನ್ನೂ ಹೇಳಿದೆ. ಆ ಮೇಡಂ ಮ್ವೆಯಾ ಕಡೆಯವರು. ಅದೂ ಕಾಲುವೆ ನೀರಿನ ಭತ್ತದ ಸೀಮೆ. 'ನಮ್ಮ ಕೊನೆಯವರೂ ಇದನ್ನೇ ಹೇಳುತ್ತಾರೆ' ಅಂದು ಬರೆದುಕೊಂಡರು. ಆ ಮಾತು ಸ್ಲೈಡಿನಲ್ಲಿ ಇರಲಿಲ್ಲ.

ಊಟ ನಮ್ಮ ಮನೆಯದ್ದೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ರೊಟ್ಟಿ ಯಾವುದರದ್ದು ಅಂತ ಕೇಳಿದರು, ನಮ್ಮ ಮನೆಯಾಕೆ ಒಂದು ಹಿಡಿ ಜೋಳ ತಂದು ತೋರಿಸಿದಳು. 'ಮ್ತಾಮಾ!' ಅಂತ ಕೂಗಿದರು ಮೇಡಂ. ಸ್ವಾಹಿಲಿಯಲ್ಲಿ ಜೋಳಕ್ಕೆ ಅದೇ ಹೆಸರಂತೆ. ಜೋಳದ ಮೂಲ ಸುಡಾನ್, ಇಥಿಯೋಪಿಯಾ ಕಡೆ, ಸಜ್ಜೆಯದ್ದು ಪಶ್ಚಿಮ ಆಫ್ರಿಕಾ, ರಾಗಿಯೂ ಆ ಖಂಡದ್ದೇ ಅಂತ ನಮ್ಮ ಹುಡುಗಿ ಹೇಳಿದಳು. ಅಂದರೆ ನಾವು ತವರಿನವರಿಗೇ ಊಟ ಬಡಿಸಿದ್ದೆವು!

'ನೀರು ಸಾಲಲ್ಲ ಅಂತೀರಿ, ಮತ್ತೆ ಜೋಳ ಯಾಕೆ ಬಿತ್ತಲ್ಲ?' ಅಂದರು ಮಲಾವಿಯವರು. ಕಾಲುವೆ ಬರುವ ಮುಂಚೆ ಈ ಎರೆ ಹೊಲದಲ್ಲಿ ಜೋಳವೇ ಇತ್ತು. ಈಗ ರೊಟ್ಟಿಗೆ ಜೋಳ ಕೊಂಡು ತರುತ್ತೇವೆ. ನಾನೊಬ್ಬ ಬಿತ್ತಿದರೂ ಸುತ್ತಲ ಭತ್ತದ ಗದ್ದೆಗಳ ನೀರು ಬಸಿದು ಬಂದು ಬೇರು ಕೊಳೆಯುತ್ತದೆ. ಬಿತ್ತಿದರೆ ಸುತ್ತಲಿನವರೆಲ್ಲ ಒಟ್ಟಿಗೆ ಬಿತ್ತಬೇಕು. ಇದಕ್ಕೆ ಸಂಸ್ಥೆಯ ಸಾಹೇಬರು ಗಡಿಯಾರ ನೋಡಿಕೊಂಡರು.

ಹೊರಡುವ ಹತ್ತು ನಿಮಿಷದಲ್ಲಿ ಬುರ್ಕಿನಾ ಫಾಸೊದವರು ಸಲಿಕೆ ಕೇಳಿ ಇಸ್ಕೊಂಡು, ಕಣದ ಪಕ್ಕದ ಗಟ್ಟಿ ನೆಲದಲ್ಲಿ ಗೇಣುದ್ದದ ಗುಣಿ ತೋಡಿ ತೋರಿಸಿದರು. ಹೆಸರು 'ಜಾಯ್'. ಬೇಸಿಗೆಯಲ್ಲೇ ಗುಣಿ ತೋಡಿ ಗೊಬ್ಬರ ಹಾಕಿಟ್ಟರೆ ಗೆದ್ದಲು ಬಂದು ಮಣ್ಣು ಸಡಿಲ ಮಾಡುತ್ತದೆ, ಮೊದಲ ಮಳೆ ಅಲ್ಲೇ ಇಂಗುತ್ತದೆ. ಅವರ ದೇಶದ ಯಾಕೂಬಾ ಸವಾಡೊಗೊ ಅನ್ನುವ ರೈತ 1980ರ ದಶಕದಲ್ಲಿ ಈ ಹಳೇ ಪದ್ಧತಿಯನ್ನು ತಿದ್ದಿ ಬರಡು ನೆಲದಲ್ಲಿ ಕಾಡು ಬೆಳೆಸಿದ, 2018ರಲ್ಲಿ ಅವನಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಮ್ಮ ಎರೆ ಮಣ್ಣಿಗೆ ಇದು ಆಗಲ್ಲ, ನೀರು ನಿಂತುಬಿಡುತ್ತದೆ. ಲಿಂಗಸುಗೂರು ಕಡೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ ಇರುವ ನಮ್ಮ ಭಾವನಿಗೆ ಫೋಟೊ ಕಳಿಸಿದ್ದೇನೆ. ಇದಕ್ಕೆ ಅರ್ಧ ದಿನ ಕೊಡಬೇಕಿತ್ತು, ಅಲ್ವಾ? ಹಾರ್ನ್ ಹೊಡೆದು ಕರೆದರು.

ಊಟದ ದುಡ್ಡು ಅವತ್ತೇ ಕೈಗೆ ಕೊಟ್ಟರು, ಅದಕ್ಕೆ ಒಂದು ನಕ್ಷತ್ರ. ಬಂದ ಜನಕ್ಕೆ ಎರಡು. ನಮ್ಮ ಹುಡುಗಿ ದಿನವಿಡೀ ಅನುವಾದ ಮಾಡಿದ್ದಕ್ಕೆ ಕೊಡುತ್ತೇವೆ ಅಂದ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ.

ನಿಮ್ಮನ್ನು ಕೇಳಿದರೆ ಒಪ್ಪಿಕೊಳ್ಳಿ. ಆದರೆ ಶಾಮಿಯಾನ ಬೇಡ ಅನ್ನಿ, ಕನ್ನಡ ಬರುವವರನ್ನೇ ಕಳಿಸಿ ಅನ್ನಿ, ಎರಡು ಸಲಿಕೆ ಜಾಸ್ತಿ ಇಟ್ಟಿರಿ.