ಸಿಪಿ-70ಗೆ ಶ್ರುತಿ ಮಾಡಿಸಿದ್ದು

ಧಾರವಾಡದ ನಮ್ಮ ಮಾಳಮಡ್ಡಿ ಮನೆಯಲ್ಲಿ ಯಮಾಹಾ ಸಿಪಿ-70 ಅನ್ನುವ ಎಲೆಕ್ಟ್ರಿಕ್ ಪಿಯಾನೋ ಇದೆ. 1970ರ ದಶಕದ ಮಾಡೆಲ್, 73 ಕೀ. ಗೋವಾದ ಬ್ಯಾಂಡ್‌ನವರಿಂದ ಕೊಂಡಿದ್ದು. ನೋಡಿದವರೆಲ್ಲ ಕೀಬೋರ್ಡ್ ಅಂದುಕೊಳ್ಳುತ್ತಾರೆ, ಆದರೆ ಒಳಗಿರುವುದು ನಿಜವಾದ ತಂತಿ, ನಿಜವಾದ ಸುತ್ತಿಗೆ. ದನಿ ದೊಡ್ಡದು ಮಾಡುವ ಮರದ ಹಲಗೆ (ಸೌಂಡ್‌ಬೋರ್ಡ್) ಬದಲು ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಪಿಕಪ್‌ಗಳಿವೆ, ಅಷ್ಟೇ. ಹಾಗಾಗಿ ಬೇರೆ ಪಿಯಾನೋ ಥರಾನೇ ಶ್ರುತಿ ಮಾಡಿಸಲೇಬೇಕು.

ಹೋದ ವರ್ಷ ಒಬ್ಬರು ಬಂದು ಮೊಬೈಲ್ ಆ್ಯಪ್ ನೋಡಿಕೊಂಡು ಒಂದು ತಾಸಿನಲ್ಲಿ ಮುಗಿಸಿದ್ದರು. ಎರಡೇ ವಾರಕ್ಕೆ ಇಳಿದುಹೋಯಿತು. ಈ ಸಲ ಬಂದವರು ಹುಬ್ಬಳ್ಳಿಯವರು, ಮೊದಲು ಹಾರ್ಮೋನಿಯಂ ಕೆಲಸ ಮಾಡುತ್ತಿದ್ದವರು. ಚಿಗರಿ ಬಸ್ಸಿನಲ್ಲಿ ಬೆಳಿಗ್ಗೆ ಬಂದು ಐದು ತಾಸು ಕೂತರು!

ಮೊದಲು ಸೆಕೆಂಡಿಗೆ 440 ಕಂಪನದ ಶ್ರುತಿ ಫೋರ್ಕ್ ಹಿಡಿದು ನಡುವಿನ ಸಪ್ತಕ ಕೂಡಿಸಿದರು. ಮೇಲಿನ ಸ್ವರಗಳಿಗೆ ಎರಡೆರಡು ತಂತಿ ಇರುತ್ತವಲ್ಲ, ಫೆಲ್ಟ್ ಪಟ್ಟಿ ಸಿಕ್ಕಿಸಿ ಒಂದನ್ನು ಸುಮ್ಮನಾಗಿಸಿ ಇನ್ನೊಂದನ್ನು ಕೂಡಿಸಿ, ಆಮೇಲೆ ಪಟ್ಟಿ ತೆಗೆದು ಜೋಡಿ ತಂತಿ ಬಿಟ್ಟರು. ವಾಂವ್ ವಾಂವ್ ಅಂತ ಅಲೆ ಬರುತ್ತಿತ್ತು. ತಂತಿ ಬಿಗಿಸುವ ಕೀಲಿ ಕೂದಲೆಳೆಯಷ್ಟು ತಿರುಗಿದ ಹಾಗೆ ಆ ಅಲೆ ನಿಧಾನವಾಗುತ್ತಾ ಬಂದು ಒಂದು ಹಂತದಲ್ಲಿ ನಿಂತೇಹೋಯಿತು, ಎರಡು ತಂತಿ ಒಂದೇ ದನಿ. ಅಷ್ಟಕ್ಕೇ ಬಿಡಲಿಲ್ಲ. ಅದೇ ಕೀಯನ್ನು ನಾಲ್ಕು ಸಲ ಜೋರಾಗಿ ಬಾರಿಸಿದರು, ಇಳಿದರೆ ಮತ್ತೆ ಏರಿಸಿದರು. ಶ್ರುತಿ ನಿಲ್ಲುವುದು ಇದರಿಂದಲೇ.

ನಾನು ತಂಬೂರಿ ಕೇಳಿ ಬೆಳೆದವಳು, ಪಂಚಮ ಸ್ವಲ್ಪ ಕಡಿಮೆ ಅನಿಸುತ್ತಿದೆ ಅಂದೆ. "ಸರಿಯಾಗೇ ಕೇಳಿದ್ರಿ ಬಾಯಾರ, ಇದರಾಗ ಪಂಚಮ ಎರಡು ಸೆಂಟ್ ಕಡಿಮೀನ ಇಡಬೇಕು, ಇಲ್ಲಂದ್ರ ಹನ್ನೆರಡೂ ಸ್ವರ ಹೊಂದಂಗಿಲ್ಲ" ಅಂದರು. ಸೆಂಟ್ ಅಂದರೆ ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದ ನೂರನೇ ಒಂದು ಪಾಲು. ಗಾಂಧಾರವಂತೂ ಸುಮಾರು 14 ಸೆಂಟ್ ಜಾಸ್ತಿ, ಅದನ್ನೂ ಬಾರಿಸಿ ತೋರಿಸಿದರು. ಕೆಳಗಿನ ಮಂದ್ರ ತಂತಿಗಳು ಈ ಪಿಯಾನೋದಲ್ಲಿ ಗಿಡ್ಡ, ಅದಕ್ಕೆ ಮೂಲ ದನಿಯ ಜೊತೆ ಹುಟ್ಟುವ ಮೇಲುಸ್ವರಗಳು ಏರಿ ಕೇಳುತ್ತವೆ. ಅಲ್ಲಿ ಶ್ರುತಿ ತೋರಿಸುವ ಮೀಟರ್ ಪಕ್ಕಕ್ಕಿಟ್ಟು ಕಿವಿಯಿಂದಲೇ ಕೂಡಿಸಿದರು.

ಒಂದು ಸ್ವರ ಸಣ್ಣಗೆ ಕೇಳುತ್ತಿತ್ತು. ಆಂಪ್ ಆರಿಸಿ ಕಿವಿ ಹತ್ತಿರ ಇಟ್ಟರೆ ತಂತಿ ಪಕ್ಕದ ತಂತಿಯಷ್ಟೇ ಗಟ್ಟಿಯಾಗಿ ನುಡಿಯುತ್ತಿದೆ. ಅಂದರೆ ತೊಂದರೆ ಪಿಕಪ್‌ದು. ಅದು ನನ್ನ ಕೆಲಸವಲ್ಲ ಅಂತ ನೇರವಾಗಿ ಹೇಳಿ ಕೈಹಚ್ಚಲಿಲ್ಲ. ಅದು ನನಗೆ ಹಿಡಿಸಿತು.

4,000 ರೂಪಾಯಿ ತೆಗೆದುಕೊಂಡರು. ಎರಡು ತಿಂಗಳ ಧಾರವಾಡದ ಮಳೆ ಆಯಿತು, ಜೋಡಿ ತಂತಿಗಳು ಇನ್ನೂ ಕೂಡಿಯೇ ಇವೆ. ಕರೆಸುವುದಾದರೆ ಇಡೀ ದಿನ ಬಿಡುವು ಮಾಡಿಕೊಳ್ಳಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೂ ಅವರು ಕೈ ನಿಲ್ಲಿಸಿ ಕಾಯುತ್ತಾರೆ.