ಐಷರ್, ಎಚ್‌ಎಂಟಿ, ಟಿಲ್ಲರ್: ಹಳೇ ಗಾಡಿ ಬಳಗ ಸೇರಲು ನಾನು ಸಾಕಿ ನೋಡಿದ ಮೂರು

ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ಎಂಟು-ಹತ್ತು ಜನ ಸೇರುತ್ತಾರೆ. ಬೋರ್ಡಿಲ್ಲ, ರಸೀದಿ ಇಲ್ಲ, ಅಧ್ಯಕ್ಷರಿಲ್ಲ. ಎಲ್ಲರ ಹತ್ತಿರವೂ ಒಂದೊಂದು ಹಳೇ ಸಣ್ಣ ಟ್ರ್ಯಾಕ್ಟರ್ ಇದೆ, ಎಲ್ಲರ ಉಗುರಿನ ಸಂದಿಯಲ್ಲೂ ಆಯಿಲ್ ಇದೆ, ಎಲ್ಲರ ಮನೆಯಲ್ಲೂ "ಆ ಗುಜರಿ ಯಾವಾಗ ಸಾಗಹಾಕುವುದು" ಅಂತ ಕೇಳುವವರು ಒಬ್ಬರು ಇದ್ದೇ ಇದ್ದಾರೆ. ನಾನು ಆ ಬಳಗ ಸೇರಿ ಮೂರು ವರ್ಷ ಆಯಿತು. ಮೊನ್ನೆ ಇಬ್ಬರು ಹುಡುಗರು ಫೋನ್ ಮಾಡಿ "ನಾವೂ ಬರ್ತೇವೆ, ಯಾವ ಗಾಡಿ ತಗೊಳ್ಳೋದು ಹೇಳಿ" ಅಂದರು. ಮೂರು ಥರದ್ದೂ ಸಾಕಿದ್ದೇನೆ, ಮೂರರಿಂದಲೂ ಬೈಸಿಕೊಂಡಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಾರ್ಸ್‌ಪವರ್ ನೋಡಿ ಆರಿಸಬೇಡಿ. ಬಣ್ಣ ನೋಡಿ ಅಂತೂ ಬೇಡವೇ ಬೇಡ. ಗಾಡಿ ಕೆಟ್ಟು ನಿಂತಾಗ ಪಕ್ಕದಲ್ಲಿ ಯಾರು ಬಂದು ನಿಲ್ಲುತ್ತಾರೆ ಅಂತ ನೋಡಿ. ಹಳೇ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಅಲ್ವಾ.

ನಾನು ಶುರು ಮಾಡಿದ್ದು ಐಷರ್ 241ರಿಂದ. ಮುಂಡಗೋಡ ಕಡೆಯಿಂದ 85 ಸಾವಿರಕ್ಕೆ ತಂದೆ. 25 ಎಚ್‌ಪಿ, ಒಂದೇ ಸಿಲಿಂಡರ್. ಒಂದೇ ಅಂತ ಸಸಾರ ಮಾಡಬೇಡಿ, ಒಂದೂವರೆ ಲೀಟರಿಗೂ ದೊಡ್ಡ ಸಿಲಿಂಡರ್ ಅದು. ಅದು ಒಂದೊಂದು ಸಲ ಗುದ್ದಿದಾಗಲೂ ಬಾನೆಟ್ಟು, ಮಡ್‌ಗಾರ್ಡು, ಸೀಟು, ಸೀಟಿನ ಮೇಲೆ ಕೂತವರ ಹಲ್ಲು ಎಲ್ಲ ಒಟ್ಟಿಗೆ ಅಲುಗುತ್ತವೆ. ನಮ್ಮ ಕೇರಿಯ ಮಕ್ಕಳು ಅದಕ್ಕೆ ಡುಗುಡುಗು ಅಂತಲೇ ಹೆಸರಿಟ್ಟಿದ್ದರು. ತಿರುವಿನಾಚೆ ಇರುವಾಗಲೇ ಮನೆಯಲ್ಲಿ ಚಾಕ್ಕೆ ನೀರಿಡುತ್ತಿದ್ದರು.

ಅದರ ದೊಡ್ಡ ಗುಣ ಅಂದರೆ ರೇಡಿಯೇಟರೇ ಇಲ್ಲ. ಗಾಳಿಯಿಂದ ತಂಪಾಗುವ ಎಂಜಿನ್. ಜರ್ಮನಿಯ ಬವೇರಿಯಾದ ಐಷರ್ ಅಣ್ಣತಮ್ಮಂದಿರು 1936ರಲ್ಲಿ ಟ್ರ್ಯಾಕ್ಟರ್ ಕಟ್ಟಲು ಶುರು ಮಾಡಿ, ಯುದ್ಧ ಮುಗಿದ ಮೇಲೆ ಈ ಗಾಳಿ ಎಂಜಿನ್ನಿಗೇ ಹೆಸರಾದವರು. 1959ರಲ್ಲಿ ಫರೀದಾಬಾದಿನಿಂದ ಇಲ್ಲಿಯ ಮೊದಲ ಐಷರ್ ಹೊರಗೆ ಬಂತು. ನೀರು ಸೋರುವ ಚಿಂತೆ ಇಲ್ಲ, ಹೋಸ್ ಒಡೆಯುವ ಚಿಂತೆ ಇಲ್ಲ. ಆದರೆ ಸಿಲಿಂಡರಿನ ಸುತ್ತ ರೆಕ್ಕೆ ರೆಕ್ಕೆ ಇರುತ್ತದೆ ನೋಡಿ, ಅದರ ಸಂದಿ ಚೊಕ್ಕವಾಗಿರಬೇಕು. ನನಗೆ ಅದು ಗೊತ್ತಾದದ್ದು ಸೊಪ್ಪಿನ ಬೆಟ್ಟದಲ್ಲಿ. ಎರಡು ದಿನ ಒಂದೇ ಸಮನೆ ದರಕು, ಅಂದರೆ ಉದುರಿದ ಒಣ ಎಲೆ, ಹೊತ್ತೆ. ಮೂರನೇ ದಿನ ಏರಿನಲ್ಲಿ ದಮ್ಮು ಕಳಕೊಂಡಿತು. ಸುಟ್ಟ ವಾಸನೆ ಬೇರೆ. ಇಳಿದು ಟಾರ್ಚ್ ಹಾಕಿ ನೋಡಿದರೆ ರೆಕ್ಕೆಗಳ ನಡುವೆ ದರಕಿನ ಚೂರು, ಕೆಂಪು ಧೂಳು, ಸೋರಿದ ಆಯಿಲ್ ಮೂರೂ ಸೇರಿ ಗೋಡೆಗೆ ಮೆತ್ತಿದ ಮಣ್ಣಿನ ಹಾಗೆ ಗಟ್ಟಿಯಾಗಿತ್ತು. ಹಿಡಿಕಡ್ಡಿ ಮುರಿದು ಒಂದೊಂದೇ ಸಂದಿ ಕೆದಕಿದೆ. ಅರ್ಧ ದಿನ ಹೋಯಿತು. ಆವತ್ತಿನಿಂದ ದರಕಿನ ಕೆಲಸ ಇದ್ದರೆ ಸಂಜೆ ಕಂಪ್ರೆಸರ್ ಗಾಳಿ ಹೊಡೆಸಿಯೇ ನಿಲ್ಲಿಸುತ್ತಿದ್ದೆ.

ಮತ್ತೆ ಐಷರಿನ ಜನ. ಇದು ನಿಜವಾಗಿ ಹೇಳಬೇಕಾದ ವಿಷಯ. ಬನವಾಸಿ, ಮುಂಡಗೋಡ, ಹಳಿಯಾಳ ಈ ಕಡೆಯಲ್ಲೆಲ್ಲ ನೀವು ರಸ್ತೆ ಬದಿಗೆ ಐಷರ್ ನಿಲ್ಲಿಸಿ ಬಾನೆಟ್ ಎತ್ತಿದರೆ ಸಾಕು, ಹತ್ತು ನಿಮಿಷದಲ್ಲಿ ಒಬ್ಬ ಬೈಕ್ ನಿಲ್ಲಿಸಿ "ನಮ್ಮ ಮಾವನ ಮನೇಲೂ ಇತ್ರೀ ಇದು" ಅನ್ನುತ್ತಾನೆ. ಅನ್ನುವುದಷ್ಟೇ ಅಲ್ಲ, ಪಾನಾ (ಸ್ಪ್ಯಾನರ್) ಕೇಳಿ ಇಸಕೊಳ್ಳುತ್ತಾನೆ. ಬಿಡಿಭಾಗಕ್ಕೂ ಅಷ್ಟು ತ್ರಾಸಿಲ್ಲ. 2005ರಲ್ಲಿ ಐಷರಿನ ಟ್ರ್ಯಾಕ್ಟರ್ ವ್ಯವಹಾರ ಚೆನ್ನೈನ ಟಾಫೆ ಕಂಪನಿಯ ಕೈಗೆ ಹೋಯಿತು, ಹೆಸರು ಉಳಿಯಿತು, ಸಾಮಾನೂ ಉಳಿಯಿತು. ಶಿರಸಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಗೆ ಬೆಳಗಿನ ಬಸ್ಸು.

ಅದನ್ನು ಕೊಂಡದ್ದರಲ್ಲಿ ನಾನೊಂದು ಪೆದ್ದುತನ ಮಾಡಿದೆ. ಎಂಜಿನ್ ಶಬ್ದ ಕೇಳಿ ಮರುಳಾಗಿ ಕಾಗದ ನೋಡಲೇ ಇಲ್ಲ. ಆಮೇಲೆ ನೋಡಿದರೆ ಆರ್‌ಸಿ ಇರುವುದು ನನಗೆ ಮಾರಿದವರಿಗೆ ಮಾರಿದವರ ಹೆಸರಿನಲ್ಲಿ, ಅವರೋ ತೀರಿಕೊಂಡು ಆರು ವರ್ಷ. ಅವರ ಮೂವರು ಮಕ್ಕಳ ಸಹಿ ಹಾಕಿಸಲು ನಾಲ್ಕು ತಿಂಗಳು ಓಡಾಡಿದೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ಹೊಸ ಮಾಡಿಸಬೇಕು, ಆ ಕೆಲಸವೂ ಬಾಕಿ ಇತ್ತು. ನೀವು ಮೊದಲು ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿ ಜೊತೆ ಇಟ್ಟು ನೋಡಿ. ಆಮೇಲೆ ಶಬ್ದ ಕೇಳಿ.

ಎರಡನೆಯದು ಎಚ್‌ಎಂಟಿ 2511. ಇದು ಆಸೆಯಿಂದ ತಂದದ್ದು, ಬುದ್ಧಿಯಿಂದ ಅಲ್ಲ. ಅಪ್ಪಯ್ಯನ ಕೈಯಲ್ಲಿ ಎಚ್‌ಎಂಟಿ ವಾಚು ನೋಡಿ ಬೆಳೆದವರು ನಾವು. ಬೆಂಗಳೂರಿನ ಅದೇ ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಚೆಕೊಸ್ಲೊವಾಕಿಯಾದ ಜೆಟರ್ ಕಂಪನಿ ಜೊತೆ ಸೇರಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿತು. ಇದೂ 25 ಎಚ್‌ಪಿಯೇ. ಆದರೆ ಎರಡು ಸಿಲಿಂಡರ್, ನೀರಿನ ಎಂಜಿನ್. ಐಷರಿನಿಂದ ಇಳಿದು ಇದರ ಮೇಲೆ ಕೂತರೆ ಕೆಂಪು ಬಸ್ಸಿನಿಂದ ಇಳಿದು ಕಾರು ಹತ್ತಿದ ಹಾಗೆ. ಹೈಡ್ರಾಲಿಕ್ ಎತ್ತುವುದು ನಿಧಾನ, ಆದರೆ ಎತ್ತಿದ್ದನ್ನು ಬಿಡುವುದಿಲ್ಲ. ಗದ್ದೆಯಲ್ಲಿ ನೇಗಿಲು ಕಟ್ಟಿ ಓಡಿಸಿದರೆ ಸಾಲು ನೋಡಿ ನನಗೇ ಹೆಮ್ಮೆ ಆಗುತ್ತಿತ್ತು.

ಇನ್ನು ಇದರ ಕಷ್ಟ. ಕೇಂದ್ರ ಸರ್ಕಾರ 2016ರಲ್ಲಿ ಟ್ರ್ಯಾಕ್ಟರ್ ಘಟಕ ಮುಚ್ಚುವುದು ಅಂತ ತೀರ್ಮಾನ ಮಾಡಿತು. ಅಲ್ಲಿಗೆ ಕಥೆ ಮುಗಿಯಿತು. ಹೆಡ್ ಗ್ಯಾಸ್ಕೆಟ್ ಒಂದಕ್ಕೆ ಹುಬ್ಬಳ್ಳಿಗೆ ಮೂರು ಸಲ ಹೋದೆ. ಎರಡು ಸಲ ತಂದದ್ದು ಬೇರೆ ಮಾಡೆಲ್ಲಿನದು, ಒಂದು ತೂತು ಆಚೀಚೆ. ಮತ್ತೆ ಜನ? ನಮ್ಮ ಶೆಡ್ಡಿನಲ್ಲಿ ಎಚ್‌ಎಂಟಿ ಇಟ್ಟವರು ನನ್ನನ್ನು ಸೇರಿಸಿ ಇಬ್ಬರು. ಇನ್ನೊಬ್ಬರು ಎಪ್ಪತ್ತು ದಾಟಿದ ಹೆಗಡೇರು, ಒಂದು ಕಾಲದಲ್ಲಿ ಇವನ್ನೇ ರಿಪೇರಿ ಮಾಡಿ ಬದುಕಿದವರು.

ಒಂದು ಮಳೆಗಾಲ, ಜುಲೈ ಇರಬೇಕು, ಗಾಡಿ ಗದ್ದೆಯ ನಡುವೆ ಕೆಮ್ಮಿ ನಿಂತಿತು. ಡೀಸೆಲ್ ಖಾಲಿ ಆಗುವವರೆಗೆ ಓಡಿಸಿದ್ದೆ, ಲೈನಿನಲ್ಲಿ ಏರ್ ಹಿಡಿದಿತ್ತು. ನನಗೆ ಅದೂ ಗೊತ್ತಿಲ್ಲ, ಡೀಸೆಲ್ ತುಂಬಿ ಸುಮ್ನೆ ಸ್ಟಾರ್ಟರ್ ತಿರುಗಿಸಿ ತಿರುಗಿಸಿ ಬ್ಯಾಟರಿಯನ್ನೂ ಕೊಂದೆ. ಹೆಗಡೇರು ಕಂಬಳಿಕೊಪ್ಪೆ ಹಾಕಿಕೊಂಡು ಮಗನ ಬೈಕಿನ ಹಿಂದೆ ಕೂತು ಬಂದರು. "ತಮಾ, ಗಡಿಬಿಡಿ ಮಾಡಡ" ಅಂದರು. ಫಿಲ್ಟರಿನ ಮೇಲಿನ ಸಣ್ಣ ಬೋಲ್ಟನ್ನು ಎರಡು ಸುತ್ತು ಸಡಿಲ ಮಾಡಿ, ಕೈಪಂಪು ಒತ್ತಲು ನನಗೆ ಹೇಳಿದರು. ಮೊದಲು ಬರೀ ನೊರೆ ಬಂತು. ಆಮೇಲೆ ಗುಳ್ಳೆ ಗುಳ್ಳೆಯಾಗಿ ಡೀಸೆಲ್. ಅವರು ಬೆರಳನ್ನು ಅಲ್ಲೇ ಇಟ್ಟುಕೊಂಡು ನೋಡುತ್ತಿದ್ದರು. ಗುಳ್ಳೆ ನಿಂತು ಡೀಸೆಲ್ ಎಳೆ ಬಿಡದೆ ಇಳಿಯಲು ಶುರುವಾದ ಕೂಡಲೇ, ಇನ್ನೂ ಹರಿಯುತ್ತಿರುವಾಗಲೇ, ಬೋಲ್ಟ್ ಬಿಗಿದರು. ನಿಂತ ಮೇಲೆ ಬಿಗಿದರೆ ಮತ್ತೆ ಗಾಳಿ ಒಳಗೆ ಹೋಗುತ್ತದಂತೆ. ಮುಂದೆ ಪಂಪಿನ ಹತ್ತಿರವೂ ಹಾಗೆಯೇ ಒಂದು ಸಲ. ಬೇರೆ ಬ್ಯಾಟರಿ ತಂದು ಕೊಟ್ಟೆವು. ಎರಡೇ ಸುತ್ತಿಗೆ ಎಂಜಿನ್ ಹಿಡಿಯಿತು. ಅವರು ಕೈ ಒರೆಸಿಕೊಂಡು "ಅಡ್ಡಿಲ್ಲೆ" ಅಂದರು, ಅಷ್ಟೇ. ದುಡ್ಡು ಕೊಡಲು ಹೋದರೆ ಸಿಟ್ಟಾದರು.

ಮೂರನೆಯದು ಟಿಲ್ಲರ್, ಹಿಂದೆ ನಡೆಯುತ್ತಾ ಎರಡು ಕೈಯಲ್ಲಿ ಹಿಡಿದು ಓಡಿಸುವ ಎರಡು ಚಕ್ರದ ಉಳುವ ಗಾಡಿ. ಟಿಲ್ಲರ್ ಟ್ರ್ಯಾಕ್ಟರ್ ಹೌದೋ ಅಲ್ಲವೋ ಅಂತ ನಮ್ಮ ಶೆಡ್ಡಿನಲ್ಲಿ ಇನ್ನೂ ಜಗಳ ಇದೆ. ಸೀಟಿಲ್ಲದ್ದು ಟ್ರ್ಯಾಕ್ಟರ್ ಅಲ್ಲ ಅಂತ ಒಬ್ಬರ ವಾದ. ಆದರೆ ನಮ್ಮ ಜಿಲ್ಲೆಯ ತುಂಡು ಗದ್ದೆಗೆ ಎತ್ತಿನ ಬದಲು ಮೊದಲು ಇಳಿದದ್ದು ಇದೇ ತಾನೇ? ಟಿಲ್ಲರ್ ಮಾಡುವ ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಮಿತ್ಸುಬಿಶಿ ಜೊತೆ ಶುರುವಾದದ್ದು. ಕೇರಳದ ಕ್ಯಾಮ್ಕೋ 1973ರಲ್ಲಿ ಶುರುವಾಗಿ ಕುಬೋಟಾ ಮಾದರಿ ಮಾಡಿತು. ನಾನು ತಂದದ್ದು ಕುಬೋಟಾ, ಕುಮಟಾ ಹತ್ತಿರದ ಒಂದು ಊರಿನಿಂದ. ಬೆಲೆ ಐಷರಿನ ಅರ್ಧವೂ ಇಲ್ಲ. ಆದರೆ ಸಮುದ್ರದ ಗಾಳಿಯ ರುಚಿ ನೋಡಿದ ಗಾಡಿ. ಮೇಲೆ ಹೊಸ ಬಣ್ಣ, ಮಡ್‌ಗಾರ್ಡಿಗೆ ಬೆರಳು ಒತ್ತಿದರೆ ಹಪ್ಪಳ. ಕರಾವಳಿಯ ಗಾಡಿ ಕೊಳ್ಳುವವರು ಬಣ್ಣ ನೋಡಬೇಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ.

ಸ್ಟಾರ್ಟ್ ಮಾಡುವುದು ಹ್ಯಾಂಡಲ್ಲಿನಿಂದ. ಡಿಕಂಪ್ರೆಷನ್ ಲಿವರ್ (ಎಂಜಿನ್ ಒಳಗಿನ ಒತ್ತಡ ಬಿಡಿಸಿ ತಿರುಗಿಸಲು ಹಗುರ ಮಾಡುವ ಹಿಡಿ) ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಜೋರಾಗಿ ತಿರುಗಿಸಿ, ವೇಗ ಬಂದ ಮೇಲೆ ಲಿವರ್ ಬಿಡಬೇಕು. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಸುತ್ತಬಾರದು, ಉಳಿದ ನಾಲ್ಕು ಬೆರಳಿನ ಕಡೆಗೇ ಇಡಬೇಕು. ಎಂಜಿನ್ ತಿರುಗಿ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಇದನ್ನು ನನಗೆ ಮಾರಿದವರು ಹೇಳಲಿಲ್ಲ, ಅವರ ತಾಯಿ ಅಂಗಳದಲ್ಲಿ ಮೀನು ಹೆಚ್ಚುತ್ತಾ ಹೇಳಿದರು.

ಇನ್ನೊಂದನ್ನು ಯಾರೂ ಹೇಳಲಿಲ್ಲ. ಟಿಲ್ಲರ್ ತಿರುಗಿಸಲು ಎರಡು ಕೈಯಲ್ಲಿ ಎರಡು ಕ್ಲಚ್ ಇರುತ್ತದೆ. ಎಡದ್ದು ಒತ್ತಿದರೆ ಎಡಕ್ಕೆ, ಬಲದ್ದು ಒತ್ತಿದರೆ ಬಲಕ್ಕೆ. ಸಪಾಟು ಜಾಗದಲ್ಲಿ ಸರಿ. ತೋಟದ ಇಳಿಜಾರಿನಲ್ಲಿ ಟ್ರೇಲರ್ ತುಂಬ ಗೊಬ್ಬರ ಹೇರಿ ಇಳಿಯುವಾಗ ಎಡಕ್ಕೆ ತಿರುಗಲು ಎಡದ್ದು ಒತ್ತಿದೆ, ಗಾಡಿ ಬಲಕ್ಕೆ ಹೋಯಿತು! ಗಾಬರಿಯಲ್ಲಿ ಇನ್ನೂ ಗಟ್ಟಿಯಾಗಿ ಒತ್ತಿದೆ, ಇನ್ನೂ ಬಲಕ್ಕೆ ಹೋಯಿತು. ಬಸಿಗಾಲುವೆಯಲ್ಲಿ ಒಂದು ಚಕ್ರ ಇಳಿದು ನಿಂತಿತು, ಪುಣ್ಯಕ್ಕೆ. ಆಮೇಲೆ ಲೆಕ್ಕ ಹಾಕಿದಾಗ ಅರ್ಥ ಆಯಿತು. ಇಳಿಜಾರಿನಲ್ಲಿ ಹಿಂದಿನ ಭಾರವೇ ಗಾಡಿಯನ್ನು ದೂಡುತ್ತದೆ, ಎಂಜಿನ್ ತಡೆಯುತ್ತಾ ಇರುತ್ತದೆ. ಎಡದ್ದು ಒತ್ತಿದರೆ ಎಡಚಕ್ರಕ್ಕೆ ಆ ತಡೆ ತಪ್ಪಿ ಅದು ಮುಂದೆ ಓಡುತ್ತದೆ, ಮೂತಿ ಬಲಕ್ಕೆ ತಿರುಗುತ್ತದೆ. ಇಳಿಯುವಾಗ ಎಲ್ಲ ಉಲ್ಟಾ. ಈಗ ಕೈಗೆ ರೂಢಿ ಆಗಿದೆ, ಆದರೂ ಆ ತಿರುವಿನಲ್ಲಿ ಬಾಯಲ್ಲಿ "ಉಲ್ಟಾ ಉಲ್ಟಾ" ಅಂತ ಹೇಳಿಕೊಂಡೇ ಇಳಿಯುತ್ತೇನೆ.

ಟಿಲ್ಲರಿನ ಜನ ಅಂದರೆ ಕುಮಟಾ, ಅಂಕೋಲೆ ಕಡೆಯವರು. ಹಳೇದರ ಹುಚ್ಚು ಅಂತ ಅವರಿಗೆ ಏನೂ ಇಲ್ಲ. ನಲವತ್ತು ವರ್ಷದ ಗಾಡಿ ಇಟ್ಟಿರುತ್ತಾರೆ, ಯಾಕೆ ಅಂದರೆ ಅದು ಇನ್ನೂ ಉಳುತ್ತದೆ. "ಹಳೇದು ಅಂತ ಪ್ರೀತಿ ಮಾಡ್ತ್ರಾ ಭಟ್ರೇ, ಕೆಲಸ ಇಲ್ವಾ ನಿಮಗೆ" ಅಂತ ಒಬ್ಬ ನನಗೇ ಕೇಳಿದ. ಆದರೆ ಬೆಲ್ಟ್ ಹೇಗೆ ಬಿಗಿಯಬೇಕು, ಬ್ಲೇಡ್ ಯಾವ ಕಡೆ ಮುಖ ಮಾಡಿ ಕಟ್ಟಬೇಕು ಇದರಲ್ಲೆಲ್ಲ ಅವರನ್ನು ಮೀರಿಸುವವರಿಲ್ಲ. ತೊಂದರೆ ಏನೆಂದರೆ ಅವರು ದೇವಿಮನೆ ಘಟ್ಟದ ಕೆಳಗೆ, ನಾನು ಮೇಲೆ.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟರೆ ಹೀಗೆ. ಮಳೆಗಾಲದ ಬೆಳಿಗ್ಗೆ ಬೇಗ ಎದ್ದು ಕೂರುವುದು ಟಿಲ್ಲರ್, ಬ್ಯಾಟರಿಯ ಹಂಗೇ ಇಲ್ಲ. ಡೀಸೆಲ್ ಕುಡಿಯುವುದರಲ್ಲಿ ಐಷರ್ ಮರ್ಯಾದಸ್ಥ, ನನ್ನ ಕೈಯಲ್ಲಿ ಎಚ್‌ಎಂಟಿಗಿಂತ ಕಡಿಮೆಯೇ ಕುಡಿಯಿತು. ಸೊಂಟಕ್ಕೆ ಎಚ್‌ಎಂಟಿ ಒಳ್ಳೆಯದು, ಐಷರ್ ಕೆಟ್ಟದ್ದು, ಟಿಲ್ಲರಿನಲ್ಲಿ ಸೊಂಟ ಉಳಿದು ತೋಳು ಹೋಗುತ್ತದೆ. ತೋಟದ ಒಳಗೆ ಹೋಗುವುದು ಟಿಲ್ಲರ್ ಮಾತ್ರ, ಉಳಿದೆರಡೂ ಬೇಲಿಯ ಹತ್ತಿರ ನಿಂತು ನೋಡುತ್ತವೆ. ಆಯುಧ ಪೂಜೆಯ ದಿನ ಚೆಂಡು ಹೂವಿನ ಮಾಲೆ ಹಾಕಿ ಸಾಲಾಗಿ ನಿಲ್ಲಿಸಿದಾಗ ಜನ ಫೋಟೋ ತೆಗೆಯುವುದು ಎಚ್‌ಎಂಟಿದು. ಸ್ಟಾರ್ಟ್ ಮಾಡಿದಾಗ ತಿರುಗಿ ನೋಡುವುದು ಐಷರನ್ನು. ಟಿಲ್ಲರಿನ ಹತ್ತಿರ ಯಾರೂ ಬರುವುದಿಲ್ಲ, ಪಾಪ.

ನಮ್ಮಲ್ಲಿ ಒಬ್ಬರಿಗೆ ಫರ್ಗ್ಯುಸನ್ ಟಿಇ20 ಬೇಕು ಅಂತ ಹಟ. 1946ರಿಂದ 1956ರವರೆಗೆ ಇಂಗ್ಲೆಂಡಿನಲ್ಲಿ ಐದು ಲಕ್ಷಕ್ಕೂ ಜಾಸ್ತಿ ತಯಾರಾದ ಬೂದು ಬಣ್ಣದ ಪುಟ್ಟ ಗಾಡಿ. ಇವತ್ತು ಎಲ್ಲ ಟ್ರ್ಯಾಕ್ಟರಿನ ಹಿಂದೆ ಇರುವ, ನೇಗಿಲು ಗೀಗಿಲು ಕಟ್ಟುವ ಮೂರು ಕೊಂಡಿಯ ಜೋಡಣೆ ಹ್ಯಾರಿ ಫರ್ಗ್ಯುಸನ್ ತಲೆಯಿಂದಲೇ ಊರೂರು ತಲುಪಿದ್ದು. ಹೊಸಬರು ಅವರ ಮಾತು ಕೇಳಿ ಆ ದಾರಿ ಹಿಡಿಯಬೇಡಿ. ಒಂದು ಬೋಲ್ಟಿಗೆ ವರ್ಷ ಕಾಯಬೇಕಾಗುತ್ತದೆ.

ಹುಡುಗರಿಬ್ಬರಿಗೂ ನಾನು ಹೇಳುವುದು ಐಷರ್. ಘಟ್ಟದ ಮೇಲೆ ಇರುವವರಿಗೆ ಅದಕ್ಕೆ ಸಿಗುವಷ್ಟು ಜನ ಬೇರೆ ಯಾವುದಕ್ಕೂ ಸಿಗುವುದಿಲ್ಲ, ಮೊದಲ ಎರಡು ವರ್ಷ ನಿಮಗೆ ಜನವೇ ಬೇಕು. ಘಟ್ಟದ ಕೆಳಗಿನವರಾದರೆ ಕಣ್ಣು ಮುಚ್ಚಿ ಟಿಲ್ಲರ್. ಎಚ್‌ಎಂಟಿ ಬೇಡ.

ಹಾಗಾದರೆ ನೀವು ಇಟ್ಟುಕೊಂಡದ್ದು ಯಾವುದು ಅಂತ ಕೇಳುತ್ತೀರಿ. ಐಷರನ್ನು ನಮ್ಮ ಶೆಡ್ಡಿನವರೊಬ್ಬರಿಗೇ ಕೊಟ್ಟೆ, ಭಾನುವಾರ ಬೆನ್ನು ತಟ್ಟಿ ಬರುತ್ತೇನೆ. ಟಿಲ್ಲರ್ ತೋಟದಲ್ಲಿ ದುಡಿಯುತ್ತಿದೆ. ಎಚ್‌ಎಂಟಿ ಕೊಟ್ಟಿಗೆಯ ಪಕ್ಕದಲ್ಲೇ ಇದೆ. ಮಾರುವುದು ಅಂತ ಎರಡು ಸಲ ಗಿರಾಕಿಯನ್ನೂ ಕರೆಸಿದ್ದೆ, ಹೆಗಡೇರಿಗೆ ಹೇಗೆ ಹೇಳುವುದು ಅಂತ ತಿಳಿಯದೆ ವಾಪಸ್ ಕಳಿಸಿದೆ. ಅವರು ಈಗಲೂ ತಿಂಗಳಿಗೊಮ್ಮೆ ಬಂದು, ಕೆಟ್ಟಿರದಿದ್ದರೂ ಬಾನೆಟ್ ಎತ್ತಿ ನೋಡಿ ಹೋಗುತ್ತಾರೆ.

ಬರುವ ಭಾನುವಾರ ಹತ್ತು ಗಂಟೆಯ ಮೇಲೆ ಬನ್ನಿ. ತಿಂಡಿ ಮುಗಿಸಿಕೊಂಡೇ ಬನ್ನಿ, ಅಲ್ಲಿ ಚಾ ಮಾತ್ರ. ಮತ್ತೆ 14-15ರ ಪಾನಾ ಒಂದು ತನ್ನಿ, ಶೆಡ್ಡಿನದ್ದು ಹೋದ ವಾರದಿಂದ ಕಾಣುತ್ತಿಲ್ಲ.